ನಿಧಾನದವರ ಮನೆಯ ಸಂಜೆಯೂಟ

ಸೊಪ್ಪು ಬಿಡಿಸಲು ಕೂತವಳು ಸೊಪ್ಪಿನ ಕೆಳಗೆ ಹಾಸಿದ ಹಳೆಯ ಪತ್ರಿಕೆ ಓದಲು ತೊಡಗಿದರೆ ಆ ಹೊತ್ತಿನ ಸಾರು ಆ ಹೊತ್ತಿಗೆ ಆಗುವುದಿಲ್ಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಗೊತ್ತಿದ್ದೂ ಓದುತ್ತೇನೆ. ಅದೇ ಪತ್ರಿಕೆಯನ್ನು ಬಂದ ದಿನ ನಾನು ಮುಟ್ಟಿರುವುದಿಲ್ಲ. ಆವತ್ತು ಅದರಲ್ಲಿ ಓದುವಂಥದ್ದು ಏನೂ ಕಾಣುವುದಿಲ್ಲ. ಹರಿವೆ ಬೇರಿನ ಮಣ್ಣು ಉದುರಿ, ನೀರು ತಾಗಿ ಒಂದು ಮೂಲೆ ಒದ್ದೆಯಾದ ಮೇಲೆಯೇ ಅದಕ್ಕೆ ರುಚಿ ಹತ್ತುವುದು. ಮೊನ್ನೆ ಹಾಗೆಯೇ ಯಾವುದೋ ಊರಿನವರು ಕಳೆದುಕೊಂಡ ಎತ್ತಿನ ಸುದ್ದಿ ಓದುತ್ತಿದ್ದೆ. ಎಡಗೊಂಬು ಮೊಂಡು, ಹಣೆಯಲ್ಲಿ ಬಿಳಿ ಚುಕ್ಕೆ, ಹೆಸರು ಹಿಡಿದು ಕರೆದರೆ ಬರುತ್ತದೆ ಎಂದು ಬರೆದಿತ್ತು. ಕರೆದರೆ ಬರುವ ಎತ್ತು ಕಳೆದುಹೋಗುವುದಾದರೂ ಹೇಗೆ? ಇವರು ಕರೆದೇ ನೋಡಲಿಲ್ಲವೇ? ಹೆಸರನ್ನಾದರೂ ಬರೆಯಬಾರದಿತ್ತೇ? ಹೀಗೆ ಯೋಚಿಸುತ್ತ ಕೂತಿದ್ದಾಗ ಸೊಸೆ ಬಂದು, "ಅತ್ತೆ, ಗಂಟೆ ಹನ್ನೊಂದಾಯ್ತು" ಅಂದಳು. ಒಳ್ಳೆಯ ಹುಡುಗಿ. ಬೈಯುವುದಿಲ್ಲ, ಗಂಟೆ ಹೇಳುತ್ತಾಳೆ ಅಷ್ಟೆ. ಬೈದರೇ ವಾಸಿ ಅನ್ನಿಸುತ್ತದೆ.

ಸೋಮಾರಿ ಅಂದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಸೋಮಾರಿಯೇ ಬೇರೆ, ನಿಧಾನದವರೇ ಬೇರೆ. ಸೋಮಾರಿಗೆ ಕೆಲಸ ಕಂಡರೆ ಆಗುವುದಿಲ್ಲ, ಚಾಪೆ ಕಂಡರೆ ಪ್ರೀತಿ. ನಿಧಾನದವರು ಹಾಗಲ್ಲ. ಅವರು ಕೆಲಸಕ್ಕೆಂದೇ ಎದ್ದು ಹೊರಡುತ್ತಾರೆ, ನಿಜವಾಗಿ ಹೊರಡುತ್ತಾರೆ. ದಾರಿಯಲ್ಲಿ ಇನ್ನೊಂದು ಕಾಣುತ್ತದೆ. ಅದನ್ನು ನೋಡದೆ ಹೋಗುವುದು ಅದಕ್ಕೆ ಮಾಡಿದ ಅವಮಾನ ಅನ್ನಿಸುತ್ತದೆ. ಬಟ್ಟೆ ತೆಗೆದುಕೊಂಡು ಬರಲು ಹಿತ್ತಿಲಿಗೆ ಹೋದವಳು ಇರುವೆಗಳು ಸತ್ತ ಜೀರುಂಡೆಯನ್ನು ಗೋಡೆಯ ಮೇಲೆ ಹತ್ತಿಸುವುದನ್ನು ನೋಡುತ್ತ ನಿಂತು, ಕಡೆಗೆ ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದರೆ ಅದು ಸೋಮಾರಿತನವೇ? ನೀವೇ ಹೇಳಿ. ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುವುದೇನು ಸುಲಭವೇ?

ಈ ಗುಣ ನನಗೆ ತವರಿನಿಂದ ಬಂದದ್ದು. ತವರು ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವಿನ ಒಂದು ಸಣ್ಣ ಊರು. ಹೊಸನಗರದವರು ನಮ್ಮನ್ನು ತೀರ್ಥಹಳ್ಳಿಯ ಕಡೆಯವರು ಅನ್ನುತ್ತಿದ್ದರು, ತೀರ್ಥಹಳ್ಳಿಯವರು ಹೊಸನಗರದ ಕಡೆಯವರು ಅನ್ನುತ್ತಿದ್ದರು. ಸಂತೆಗೆ ಕೋಣಂದೂರಿಗೆ ಹೋಗಬೇಕು. ನಾವು ಜೈನರು. ಇದನ್ನು ಯಾಕೆ ಹೇಳಿದೆನೆಂದರೆ, ನಿಧಾನದವರು ಬೇರೆ ಯಾರ ಮನೆಯಲ್ಲಿ ಹುಟ್ಟಿದರೂ ನಡೆಯುತ್ತದೆ, ಜೈನರ ಮನೆಯಲ್ಲಿ ಮಾತ್ರ ಹುಟ್ಟಬಾರದು. ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಮುಳುಗಿದ ಮೇಲೆ ಒಲೆ ಹಚ್ಚುವಂತಿಲ್ಲ, ಎಲೆ ಹಾಕುವಂತಿಲ್ಲ. ದೀಪಕ್ಕೆ ಹುಳ ಬಂದು ಬೀಳುತ್ತವೆ, ಜೀವಹಿಂಸೆಯಾಗುತ್ತದೆ. ತಡವಾಗಿ ಬಂದವರಿಗೆ ಬೇರೆ ಮನೆಗಳಲ್ಲಿ ತಣ್ಣಗಿನ ಅನ್ನವಾದರೂ ಸಿಗುತ್ತದೆ. ನಮ್ಮಲ್ಲಿ ಒಂದು ಲೋಟ ನೀರು ಸಿಗುತ್ತಿತ್ತು. ಅಜ್ಜಿ ತಾನು ಅದನ್ನೂ ಮುಟ್ಟುತ್ತಿರಲಿಲ್ಲ.

ಅಜ್ಜಿ ಅಂದರೆ ಅಪ್ಪನ ತಾಯಿ. ನಮ್ಮ ಮನೆಯಲ್ಲಿ ಸೂರ್ಯನ ಪರವಾಗಿ ಅಧಿಕಾರ ನಡೆಸುತ್ತಿದ್ದವಳು ಅವಳೇ. ಅಪ್ಪ ಎಲ್ಲಿಂದಲೋ ಒಂದು ಗೋಡೆ ಗಡಿಯಾರ ತಂದು ಜಗಲಿಯಲ್ಲಿ ನೇತುಹಾಕಿದ್ದ. ಅಜ್ಜಿ ಅದರ ಕಡೆ ಕತ್ತೆತ್ತಿಯೂ ನೋಡುತ್ತಿರಲಿಲ್ಲ. ಬಿಸಿಲಿದ್ದ ದಿನ ಅಂಗಳದ ತೆಂಗಿನ ನೆರಳು. ಮೋಡವಿದ್ದರೆ ಹಿತ್ತಿಲಿನ ಚಪ್ಪರಕ್ಕೆ ಹಬ್ಬಿದ ಹೀರೆ ಬಳ್ಳಿ. ಹೀರೆ ಹೂ ಅರಳುವುದು ಸಂಜೆ. ಮೊಗ್ಗು ಬಿರಿಯಲು ತೊಡಗಿದಾಗ ಅನ್ನಕ್ಕೆ ಇಡಬೇಕು, ಹಳದಿ ಪೂರಾ ಬಿಚ್ಚಿಕೊಂಡಾಗ ಎಲೆ ಎತ್ತಿರಬೇಕು. "ಗಡಿಯಾರಕ್ಕೆ ಕೀಲಿ ಕೊಡೋದು ನಿನ್ನಪ್ಪ. ಹೀರೆ ಹೂವಿಗೆ ಕೊಡೋದು ಯಾರು, ಹೇಳು?" ಎಂದು ಕೇಳುತ್ತಿದ್ದಳು. ನಾನು ಬಹಳ ದಿನ ಯೋಚಿಸಿದ್ದೇನೆ, ಯಾರು ಕೊಡುತ್ತಾರೆ ಎಂದು. ಒಂದು ಮಧ್ಯಾಹ್ನ ಊಟ ಮುಗಿಸಿ ಚಪ್ಪರದ ಕೆಳಗೆ ಕೂತು, ಒಂದು ಮೊಗ್ಗಿನ ಮೇಲೆ ಕಣ್ಣು ನೆಟ್ಟು, ಅದು ಬಿರಿಯುವ ಗಳಿಗೆಯನ್ನು ಹಿಡಿದೇ ತೀರುತ್ತೇನೆಂದು ಹೊರಟೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪಕ್ಕದ ಹೂ ಅರಳಿತ್ತು. ನಾನು ನೋಡುತ್ತಿದ್ದದ್ದು ಹಾಗೆಯೇ ಇತ್ತು. ಆ ದಿನ ಅಮ್ಮ ಹೇಳಿದ್ದ ಕೆಲಸ ಏನೆಂಬುದು ಮಾತ್ರ ನೆನಪಿಲ್ಲ.

ಇಂಥ ಮನೆಯಲ್ಲಿ ಇಬ್ಬರು ನಿಧಾನಸ್ಥರಿದ್ದರು. ನನ್ನನ್ನು ಸೇರಿಸಿದರೆ ಮೂವರು. ಆದರೆ ಮಕ್ಕಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಒಬ್ಬ ಅಪ್ಪನ ತಮ್ಮ, ನೇಮಣ್ಣ ಚಿಕ್ಕಪ್ಪ. ಇನ್ನೊಬ್ಬಳು ಅಪ್ಪನ ತಂಗಿ, ಚಂದ್ರಮತಿ. ನಾನು ಚಂದ್ರತ್ತೆ ಅನ್ನುತ್ತಿದ್ದೆ.

ಚಿಕ್ಕಪ್ಪ ಸಂತೆಯ ದಿನ ಉಪ್ಪು, ಸೀಮೆಎಣ್ಣೆ ತರಲು ಬೆಳಿಗ್ಗೆ ಹೊರಡುತ್ತಿದ್ದ. ದಾರಿ ಒಂದು ಹರದಾರಿ, ಮೂರೇ ಮೈಲಿ. ಮಧ್ಯಾಹ್ನದ ಊಟಕ್ಕೆ ಬರಬೇಕಾದವನು ಸಂಜೆ, ಅಜ್ಜಿ ಎಲೆ ಎತ್ತಲು ಬಗ್ಗಿದ ಹೊತ್ತಿಗೆ, ಗದ್ದೆ ಬಯಲಿನ ಆಚೆ ತುದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ. ದಾರಿ ಉದ್ದಕ್ಕೂ ನಡೆದು ಬಂದವನು ಆ ಬಯಲೊಂದನ್ನು ಮಾತ್ರ ಓಡುತ್ತಿದ್ದ. ಒಮ್ಮೊಮ್ಮೆ ಓಡಿಯೂ ತಪ್ಪುತ್ತಿತ್ತು. ಆಗ ಒಂದು ಚೂರು ಬೇಜಾರಿಲ್ಲದೆ ನೀರು ಕುಡಿದು ಮಲಗುತ್ತಿದ್ದ.

"ಅಷ್ಟು ಹೊತ್ತು ಎಂತ ಮಾಡ್ತಿದ್ದಿ ಚಿಕ್ಕಪ್ಪ?" ಎಂದು ಕೇಳಿದರೆ, "ಎಂತ ಇಲ್ಲ ಪುಟ್ಟಿ" ಅನ್ನುತ್ತಿದ್ದ.

ಈ ಎಂತ ಇಲ್ಲ ಅನ್ನುವುದು ಹೇಗಿರುತ್ತದೆ ಎಂದು ನನಗೆ ಕುತೂಹಲ ಹತ್ತಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿಸುವಷ್ಟು ದೊಡ್ಡದಾದರೆ ನೋಡಲೇಬೇಕು. ಒಂದು ಸಂತೆಗೆ ಹಟ ಮಾಡಿ ಅವನ ಜೊತೆ ಹೊರಟೆ. ಮೊದಲು ಹಳ್ಳ ದಾಟಲು ಹಾಕಿದ ಸಂಕದ ಮೇಲೆ ನಿಂತೆವು. ಕೆಳಗೆ ಒಂದು ಏಡಿ ಕಲ್ಲು ಹತ್ತಲು ನೋಡುತ್ತಿತ್ತು. ಹತ್ತುವುದು, ನೀರು ಬಂದು ತಳ್ಳುವುದು. ಅದು ಹತ್ತುವವರೆಗೆ ಹೇಗೆ ಬಿಟ್ಟು ಹೋಗುವುದು? ಆಮೇಲೆ ಒಬ್ಬ ಮುದುಕ ಸಿಕ್ಕಿ, ಚಿಕ್ಕಪ್ಪನಿಗೆ ತನ್ನ ಹಲ್ಲುನೋವಿನ ಕಥೆಯನ್ನು ಹಲ್ಲು ಹುಟ್ಟಿದ ದಿನದಿಂದ ಹೇಳಿದ. ಚಿಕ್ಕಪ್ಪ ನಡುವೆ, "ಮೇಲಿನ ಹಲ್ಲಾ, ಕೆಳಗಿಂದಾ?" ಎಂದು ಕೇಳಿ ಕಥೆಯನ್ನು ಇನ್ನಷ್ಟು ಬೆಳೆಸಿದ. ಕೋಣಂದೂರು ಮುಟ್ಟುವಾಗ ಉಪ್ಪಿನವನು ಗೋಣಿ ಕಟ್ಟುತ್ತಿದ್ದ. ಸಂಜೆ ಅಮ್ಮ, "ಎಂತ ಮಾಡಿದ್ರೇ ಇಷ್ಟು ಹೊತ್ತು ಇಬ್ರೂ?" ಎಂದು ಗದರಿದಾಗ ನಾನು ಬಾಯಿ ತೆರೆದೆ. "ಎಂತ ಇಲ್ಲ" ಅಂದುಬಿಟ್ಟೆ. ಚಿಕ್ಕಪ್ಪ ನನ್ನತ್ತ ನೋಡಿ ನಕ್ಕ. ಅವತ್ತಿನಿಂದ ನಾವಿಬ್ಬರೂ ಒಂದು ಪಕ್ಷ.

ಗಂಡಸಿನ ನಿಧಾನ ಹಾಗೆ ನಗುತ್ತ ನಡೆದುಹೋಯಿತು. ಚಂದ್ರತ್ತೆಯದು ನಗುವ ವಿಷಯವಾಗಿರಲಿಲ್ಲ. ನಮ್ಮವರಲ್ಲಿ ಹುಡುಗಿ ನೋಡಲು ಬಂದವರು ಬಣ್ಣ ಕೇಳುತ್ತಿದ್ದರು, ಗುಣ ಕೇಳುತ್ತಿದ್ದರು, ಕಡೆಗೆ ದನಿ ತಗ್ಗಿಸಿ, "ಹೊತ್ತಿಗೆ ಸರಿಯಾಗಿ ಬಡಿಸ್ತಾಳಾ?" ಎಂದು ಕೇಳುತ್ತಿದ್ದರು. ಅದು ತಪ್ಪಲ್ಲ. ಸೊಸೆ ನಿಧಾನವಾದರೆ ಇಡೀ ಮನೆ ಉಪವಾಸ. ಚಂದ್ರತ್ತೆ ಬದನೆಕಾಯಿ ಹೆಚ್ಚಲು ಕೂತರೆ ಹೋಳೆಲ್ಲ ಒಂದೇ ಅಳತೆಗೆ ಬರುವ ತನಕ ಏಳುತ್ತಿರಲಿಲ್ಲ. ರಂಗೋಲಿ ಇಡಲು ಹೋದರೆ ಎಳೆ ಸೊಟ್ಟವಾಯಿತೆಂದು ಅಳಿಸುವುದು, ಮತ್ತೆ ಇಡುವುದು, ಅಷ್ಟರಲ್ಲಿ ಅದರ ಮೇಲೆ ದನ ದಾಟುವುದು. ಕೆಲಸ ಕಣ್ಣಿಗೆ ಒತ್ತಿಕೊಳ್ಳುವ ಹಾಗಿರುತ್ತಿತ್ತು, ಹೊತ್ತಿಗೆ ಮಾತ್ರ ಆಗುತ್ತಿರಲಿಲ್ಲ. ಒಂದೆರಡು ಸಂಬಂಧ ಬಂದು, ಅಕ್ಕಪಕ್ಕದಲ್ಲಿ ವಿಚಾರಿಸಿ, ಹಿಂದೆ ಹೋಗಿದ್ದವು. ಅವಳ ಓರಗೆಯವರು ಮಕ್ಕಳನ್ನು ಎತ್ತಿಕೊಂಡು ತವರಿಗೆ ಬಂದುಹೋಗುತ್ತಿದ್ದರು. ಅವರು ಬಂದ ದಿನ ಚಂದ್ರತ್ತೆ ಹಿತ್ತಿಲಿನಲ್ಲೇ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಅದು ನಿಧಾನವಲ್ಲ ಎಂದು ನನಗೂ ತಿಳಿಯುತ್ತಿತ್ತು.

ಆಗ ಸಾಗರದಿಂದ ಒಂದು ಸಂಬಂಧ ಬಂತು. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟ ಚಂದಯ್ಯನವರು, ಹೆಂಡತಿ ಇಲ್ಲ, ಒಬ್ಬನೇ ಮಗ ಆದಿರಾಜ. ದೂರದ ಊರು, ಚಂದ್ರತ್ತೆಯ ಸುದ್ದಿ ಅಲ್ಲಿಗೆ ಮುಟ್ಟಿರಲಿಕ್ಕಿಲ್ಲ. "ಇದೊಂದು ತಪ್ಪಿದ್ರೆ ಇನ್ನು ಕೇಳೋರಿಲ್ಲ" ಎಂದು ಅಪ್ಪ ಅಮ್ಮನ ಹತ್ತಿರ ಹೇಳಿದ್ದು ನನಗೆ ಕೇಳಿಸಿತು, ಚಂದ್ರತ್ತೆಗೂ ಕೇಳಿಸಿತು. ಅಜ್ಜಿ ಯುದ್ಧಕ್ಕೆ ಹೊರಡುವವರ ಹಾಗೆ ತಯಾರಿ ಮಾಡಿದಳು. ಅಡಿಗೆಯೆಲ್ಲ ಅಮ್ಮನದು, ಅಜ್ಜಿಯದು. ಚಂದ್ರತ್ತೆ ಒಂದು ಕೆಲಸಕ್ಕೂ ಕೈ ಹಾಕಬಾರದು. ಸೀರೆ ಉಟ್ಟು ಬಂದು ತುಪ್ಪ ಬಡಿಸಿದರೆ ಸಾಕು. ತುಪ್ಪ ಬಡಿಸುವುದರಲ್ಲಿ ಎಷ್ಟು ನಿಧಾನ ಮಾಡಲು ಸಾಧ್ಯ?

ದಸರೆ ಕಳೆದಿತ್ತು. ಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಅಂದದ್ದು ದಾಕ್ಷಿಣ್ಯಕ್ಕೆ. ದಿಬ್ಬ ಬಂದರೆ ಜನ ಇಳಿದು ತಳ್ಳಬೇಕು. ಅದರಲ್ಲೇ ಬಂದು ನಡುಮಧ್ಯಾಹ್ನ ಕೋಣಂದೂರಿನಲ್ಲಿ ಇಳಿಯುವ ತಂದೆಯನ್ನೂ ಮಗನನ್ನೂ ಕರೆತರುವ ಕೆಲಸ ನೇಮಣ್ಣ ಚಿಕ್ಕಪ್ಪನದಾಯಿತು. ಅಪ್ಪ ಗದ್ದೆಯ ಜಗಳಕ್ಕೆ ಪಂಚಾಯ್ತಿಗೆ ಹೋಗಲೇಬೇಕಿತ್ತು, ಬೇರೆ ಗಂಡಸರಿರಲಿಲ್ಲ. ಅಜ್ಜಿ ಚಿಕ್ಕಪ್ಪನ ಕೈ ಹಿಡಿದು, "ನೇಮೂ, ಇವತ್ತೊಂದಿನ ಸೀದಾ ಬಾರೋ. ನಿನ್ ತಂಗಿ ಬಾಳು ಅದು" ಅಂದಳು. ಅಜ್ಜಿ ಯಾರ ಕೈಯನ್ನಾದರೂ ಹಾಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಚಿಕ್ಕಪ್ಪ, "ಆಯ್ತಮ್ಮ" ಎಂದು ಗಂಭೀರವಾಗಿ ಹೇಳಿ ಹೋದ.

ಬಿಸಿಲು ಇಳಿಯಿತು, ಬರಲಿಲ್ಲ. ಪಂಚಾಯ್ತಿ ಮುಗಿಸಿ ಅಪ್ಪನೇ ಬಂದ, ಅವರು ಬರಲಿಲ್ಲ. ಹಿಂಗಾರಿನ ಮೋಡ ಎದ್ದು ಪಡುವಣವೆಲ್ಲ ಕಪ್ಪಾಯಿತು. ಹೋಳಿಗೆ, ಪಾಯಸ, ಸವತೆಕಾಯಿ ಹುಳಿ ಎಲ್ಲ ಮುಚ್ಚಿಟ್ಟುಕೊಂಡು ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಜ್ಜಿ ಹಿತ್ತಿಲಿಗೆ ಹೋಗಿ ಬಂದಳು, ಮತ್ತೆ ಹೋಗಿ ಬಂದಳು. ಎರಡನೇ ಸಲ ಬಂದವಳು ಸೆರಗಿನಿಂದ ಮುಖ ಒರೆಸಿಕೊಂಡು, "ಹೂ ಪೂರಾ ಅರಳಿತು. ಹೊತ್ತು ಮುಳುಗ್ತು" ಅಂದಳು. ಅಪ್ಪ ಗಡಿಯಾರ ನೋಡಿ, "ಇನ್ನೂ ಇದ್ದಂಗಿದೆಯಲ್ಲಮ್ಮ" ಎಂದು ಮೆಲ್ಲಗೆ ಅಂದ. "ಅದನ್ನ ನಂಬಿ ಪಾಪ ಕಟ್ಕೊಳ್ಳೋದಾ?" ಎಂದು ಅಜ್ಜಿ ಅವನ ಬಾಯಿ ಮುಚ್ಚಿಸಿದಳು. ರಾತ್ರಿ ಕಳೆದ ಅಡಿಗೆಯನ್ನು ನಮ್ಮಲ್ಲಿ ಉಣ್ಣುವುದಿಲ್ಲ. ಆದ್ದರಿಂದ ಹೋಳಿಗೆ, ಪಾಯಸ, ಹುಳಿ, ಅನ್ನ, ಸಕಲವೂ ಪಾತ್ರೆ ಸಮೇತ ನಮ್ಮ ಗದ್ದೆ ಕೆಲಸದ ಗುತ್ಯನ ಮನೆಗೆ ಹೋಯಿತು. ಮುಂದೆ ಎಷ್ಟೋ ದಿನ ಗುತ್ಯ, "ಆ ಸಾಗರದೋರು ಮತ್ಯಾವಾಗ ಬರ್ತಾರೆ ಅಮ್ಮಾ?" ಎಂದು ಅಕ್ಕರೆಯಿಂದ ಕೇಳುತ್ತಿದ್ದ.

ಗುತ್ಯ ಬೇಲಿ ದಾಟಿ ಮರೆಯಾಗಿದ್ದನಷ್ಟೆ, ಅಂಗಳಕ್ಕೆ ಬೆಳಕು ಬಂತು. ಮೋಡದ ಕೆಳ ಅಂಚು ಹರಿದು ಸೂರ್ಯ ಹೊರಗೆ ಬಂದಿದ್ದ. ಮಾರುದ್ದ ಹೊತ್ತು ಇನ್ನೂ ಮಿಕ್ಕಿತ್ತು. ಮೋಡದ ಕತ್ತಲಿಗೆ ಹೀರೆ ಹೂವೂ ಮೋಸಹೋಗುತ್ತದೆ ಎಂದು ನಮಗೆ ಗೊತ್ತಾದದ್ದು ಆ ದಿನ. ಅಜ್ಜಿ ಸೂರ್ಯನನ್ನೇ ನೋಡುತ್ತ ನಿಂತುಬಿಟ್ಟಳು. ಇಷ್ಟು ವರ್ಷ ಅವನಿಗಾಗಿ ದುಡಿದದ್ದಕ್ಕೆ ಇದೇನಾ ಎಂದು ಕೇಳುವ ಹಾಗಿತ್ತು ಅವಳ ಮುಖ. ಅದೇ ಬೆಳಕಿನಲ್ಲಿ ಗದ್ದೆ ಬಯಲಿನಾಚೆ ಮೂವರು ಕಾಣಿಸಿದರು. ಚಿಕ್ಕಪ್ಪ ಓಡುತ್ತಿದ್ದ. ಅವನ ಹಿಂದೆ, ಕೋಟು ಹಾಕಿದ ಚಂದಯ್ಯನವರೂ ಪಂಚೆ ಎತ್ತಿಕೊಂಡು ಓಡುತ್ತಿದ್ದರು. ಮೂರನೆಯವನು ನಡೆದು ಬರುತ್ತಿದ್ದ.

"ಕಾಲಿಗೆ ನೀರು ಕೊಡ್ರೇ! ಎಲೆ ಹಾಕ್ರೇ!" ಅಜ್ಜಿ ಕೂಗಿದಳು. ಎಲೆಗೆ ಏನು ಹಾಕುವುದು? ಗುತ್ಯನಿಗೆ ಕೊಟ್ಟದ್ದನ್ನು ವಾಪಸು ತರಿಸುವಂತಿಲ್ಲ. ಅವಲಕ್ಕಿ ಇತ್ತು, ಬೆಲ್ಲ ಇತ್ತು, ಬಾಳೆಹಣ್ಣು ಇತ್ತು. ಕಾಯಿ ತುರಿದು ಕಲಸಿದರೆ ಮಾನ ಉಳಿಯುತ್ತದೆ. ಅಮ್ಮ ಬೆಲ್ಲ ಕುಟ್ಟಲು ಓಡಿದಳು, ಅಜ್ಜಿ ಅವಲಕ್ಕಿ ಕೇರಲು ಕೂತಳು. ಗಡಿಬಿಡಿಯಲ್ಲಿ ಯಾರು ಹೇಳಿದರೋ ಗೊತ್ತಿಲ್ಲ, ರೇಷ್ಮೆ ಸೀರೆಯ ಚಂದ್ರತ್ತೆ ಹೆರೆಮಣೆಯ ಮೇಲೆ ಕೂತು ಕಾಯಿ ಹಿಡಿದಿದ್ದಳು.

ಬಂದವರು ಕೈಕಾಲು ತೊಳೆದು ಒಳಗೆ ಎಲೆಯ ಮುಂದೆ ಕೂತರು. ಅಡಿಗೆಮನೆಯ ಬಾಗಿಲಿನಿಂದ ಚಂದ್ರತ್ತೆ ಪೂರಾ ಕಾಣುತ್ತಿದ್ದಳು. ಅವಳು ಕಾಯಿಯನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ಮೆಲ್ಲಗೆ ಒಂದು ಎಳೆ ಹೆರೆದಳು. ಮತ್ತೆ ತಿರುಗಿಸಿದಳು. ಚಿಪ್ಪಿನ ಕಂದು ಒಂದು ಚೂರೂ ತಾಗಬಾರದು, ಬೆಳ್ಳಗೆ ಮಲ್ಲಿಗೆ ಉದುರಿದ ಹಾಗೆ ಬೀಳಬೇಕು. ಕಿಟಕಿಯ ಬಿಸಿಲು ಗೋಡೆಯ ಮೇಲೆ ಮೇಲಮೇಲಕ್ಕೆ ಏರುತ್ತಿತ್ತು.

"ಚಂದ್ರೀ, ಹೊತ್ತು ಹೋಗ್ತಾ ಉಂಟು" ಎಂದು ಅಜ್ಜಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಆಯ್ತಮ್ಮ, ಇನ್ನೊಂದು ಸುತ್ತು."

ಗೋಡೆಯ ಮೇಲಿನ ಬಿಸಿಲು ಹೆಂಚಿಗೆ ಹತ್ತಿತು, ಆಮೇಲೆ ಇಲ್ಲವಾಯಿತು. ಚಂದ್ರತ್ತೆ ಬಟ್ಟಲು ಎತ್ತಿಕೊಂಡು ಎದ್ದಳು. ಅಜ್ಜಿ ಅವಲಕ್ಕಿಯ ಮೊರವನ್ನು ನೆಲಕ್ಕಿಟ್ಟಳು. ಚಂದಯ್ಯನವರು ತಮ್ಮ ಮುಂದಿನ ಬರಿಯ ಎಲೆಯನ್ನು ನೋಡಿದರು, ಎಲೆಗೆ ಚಿಮುಕಿಸಲು ಹಿಡಿದಿದ್ದ ಕೈಯ ನೀರನ್ನು ಅದರ ಪಕ್ಕಕ್ಕೆ ಬಿಟ್ಟರು. ಚಂದ್ರತ್ತೆಗೆ ಆಗ ಅರ್ಥವಾಯಿತು. ಬಟ್ಟಲು ಹಿಡಿದೇ ಬಾಗಿಲಲ್ಲಿ ನಿಂತಳು. ಎಲ್ಲ ಮುಗಿದುಹೋಯಿತು ಎಂದು ನನಗೆ ಅಳು ಬಂತು.

ಅಪ್ಪ, "ತಪ್ಪಾಯ್ತು... ನಮ್ಮ ತಮ್ಮ ನಿಮ್ಮನ್ನ ದಾರೀಲಿ ಹೊತ್ತು ಮಾಡಿಸಿಬಿಟ್ಟ ಕಾಣ್ತದೆ. ಅವನ ಸ್ವಭಾವವೇ ಹಾಗೆ" ಎಂದು ಕೈ ಮುಗಿದ.

ಚಿಕ್ಕಪ್ಪ ಇಷ್ಟು ಹೊತ್ತು ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದವನು ತಟ್ಟನೆ ನೆಟ್ಟಗಾದ. "ನಾನಾ! ಇವತ್ತು ನನ್ನ ಮೇಲೆ ಹೇಳ್ಬೇಡ ಅಣ್ಣ. ಕೋಣಂದೂರಲ್ಲಿ ಆಚಾರಿ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕ್ತಿದ್ದ. ಇವ್ರು ನಿಂತ್ರು ನೋಡು! ಕಾಸಿ, ಹೊಡೆದು, ನೀರು ಹೊಯ್ದು, ಹೊಗೆ ಪೂರಾ ಹೋಗೋ ತನಕ ಅಲ್ಲಾಡ್ಲಿಲ್ಲ. ಆಮೇಲೆ ಎರಡನೇ ಚಕ್ರ. ಬನ್ನಿ ಹೊತ್ತಾಯ್ತು, ಬನ್ನಿ ಹೊತ್ತಾಯ್ತು ಅಂತ ನಾನು ಬಡ್ಕೊಂಡೆ. ಹುಟ್ಟಿದ ಮೇಲೆ ಆ ಮಾತು ನನ್ನ ಬಾಯಲ್ಲಿ ಬಂದಿದ್ದು ಇದೇ ಮೊದ್ಲು, ಮಾರಾಯ! ಹಳ್ಳದ ಹತ್ರ ಮತ್ತೆ ನಿಂತ್ರು. ನನಗಿಂತ ದೊಡ್ಡೋರು ಇವ್ರು!"

ನಾವೆಲ್ಲ ಹುಡುಗನನ್ನು ನೋಡಿದೆವು. ಚಂದಯ್ಯನವರು ತಲೆ ತಗ್ಗಿಸಿದರು. "ಮುಚ್ಚಿಡೋದು ಎಂತಕ್ಕೆ ಇನ್ನು" ಅಂದರು. "ಗಿರಾಕಿ ಅಂಗಡಿ ಬಿಟ್ಟು ಹೋದ ಮೇಲೆ ಇವನು ಬಟ್ಟೆ ಬಿಚ್ಚಿ ತೋರಿಸೋದು. ಎರಡು ಕಡೆ ಹೆಣ್ಣು ಕೊಡ್ತೀವಿ ಅಂದೋರು, ಅಂಗಡೀಲಿ ಒಂದು ದಿನ ಕೂತು ನೋಡಿ ಎದ್ದು ಹೋದ್ರು. ದೂರದ ಊರು, ನಿಮಗೆ ಗೊತ್ತಾಗ್ಲಿಕ್ಕಿಲ್ಲ ಅಂತ ಬಂದೆ."

ಅಪ್ಪನ ಮುಖದಲ್ಲಿ ನಗು ಬಂದು ಹೋದದ್ದನ್ನು ನಾನು ನೋಡಿದೆ. ದೂರದ ಊರೆಂಬ ಅದೇ ಲೆಕ್ಕವನ್ನು ಅವನೂ ಹಾಕಿದ್ದನಲ್ಲ! ಆದರೆ ಆ ಹುಡುಗನಿಗೆ ಇದು ಯಾವುದೂ ಕೇಳಿಸಿದ ಹಾಗಿರಲಿಲ್ಲ. ಅವನು ಮೊದಲಿನಿಂದಲೂ ಬಾಗಿಲಿನ ಕಡೆಯೇ ನೋಡುತ್ತಿದ್ದ. ಹುಡುಗಿಯನ್ನಲ್ಲ, ಅವಳ ಕೈಯ ಬಟ್ಟಲನ್ನು.

"ಕರಿ ಒಂಚೂರೂ ಬಿದ್ದಿಲ್ಲ" ಅಂದ. "ಹ್ಯಾಗೆ ಹೆರೆದ್ರಿ ಅದನ್ನ?"

ಹುಡುಗಿಯ ಜೊತೆ ನೇರ ಮಾತಾಡುವ ಪದ್ಧತಿ ಆಗ ಇರಲಿಲ್ಲ. ಚಂದ್ರತ್ತೆ ಬೆಚ್ಚಿ ಅವನತ್ತ ನೋಡಿದಳು. ನಮ್ಮ ಮನೆಯಲ್ಲಿ ಅವಳ ಕೆಲಸಕ್ಕೆ ಎಷ್ಟು ಹೊತ್ತಾಯಿತು ಎಂದು ಕೇಳದವರಿಲ್ಲ. ಹೇಗೆ ಮಾಡಿದೆ ಎಂದು ಕೇಳಿದವರು ಅವನಿಗಿಂತ ಮೊದಲು ಒಬ್ಬರೂ ಇರಲಿಲ್ಲ, ನಾನೂ ಕೇಳಿರಲಿಲ್ಲ.

"ನಿಧಾನ ಹೆರೆದ್ರೆ ಬೀಳಲ್ಲ" ಅಂದಳು. ಬಟ್ಟಲನ್ನು ಅವನ ಕಡೆ ಚೂರು ವಾಲಿಸಿ, "ಕಾಯಿ ತಿರುಗಿಸ್ತಾ ಇರ್ಬೇಕು" ಅಂದಳು.

"ಓಹೋ" ಅಂದ ಅವನು, ತುಂಬ ದೊಡ್ಡ ವಿಷಯ ತಿಳಿದವನಂತೆ.

ಮದುವೆ ಅಲ್ಲಿಗೇ ಆಯಿತು ಅನ್ನಬೇಕು. ಮಿಕ್ಕದ್ದು ಮಾಘದಲ್ಲಿ ಶಾಸ್ತ್ರಕ್ಕೆ ನಡೆಯಿತು. ಮುಹೂರ್ತ ತಪ್ಪದಂತೆ ಚಂದಯ್ಯನವರು ಮಗನ ಒಂದು ರಟ್ಟೆ ಹಿಡಿದಿದ್ದರು, ಅಜ್ಜಿ ಮಗಳ ಒಂದು ರಟ್ಟೆ ಹಿಡಿದಿದ್ದಳು.

ಮದುವೆಯೇನೋ ಆಯಿತು, ಅಜ್ಜಿಗೆ ನೆಮ್ಮದಿ ಬರಲಿಲ್ಲ. ಸಂಜೆ ಎಲೆಯ ಮುಂದೆ ಕೂತಾಗಲೆಲ್ಲ, "ಅಲ್ಲಿ ಆ ಹುಡುಗಿ ಉಂಡ್ಲೋ ಇಲ್ವೋ" ಎಂದು ಕೈ ತಡೆಯುತ್ತಿದ್ದಳು. ಒಬ್ಬ ನಿಧಾನದವನಿದ್ದರೆ ಇನ್ನೊಬ್ಬರು ಎಬ್ಬಿಸಬಹುದು. ಇಬ್ಬರೂ ಅದೇ ಆದರೆ ಯಾರು ಯಾರನ್ನು ಎಬ್ಬಿಸಬೇಕು? ಬೇಸಿಗೆ ಬಂದ ಮೇಲೆ ನನ್ನನ್ನೂ ಚಿಕ್ಕಪ್ಪನನ್ನೂ ಸಾಗರಕ್ಕೆ ಕಳಿಸಿದಳು. "ನೀನು ಕಣ್ಣಿಟ್ಟು ನೋಡ್ಕೊಂಡು ಬಾ ಪುಟ್ಟಿ. ಹೊತ್ತಿಗೆ ಉಣ್ತಾಳಾ ಅಂತ. ನೇಮೂ ಮಾತು ನಾನು ನಂಬಲ್ಲ."

ಇದ್ದಿಲ ಬಸ್ಸು ನಮ್ಮನ್ನು ಸಾಗರಕ್ಕೆ ಮುಟ್ಟಿಸುವಾಗ ಬಿಸಿಲು ಹಳದಿಯಾಗಿತ್ತು. ಚಂದಯ್ಯನವರು ಅಂಗಡಿಯ ಹಿಂದಿನ ಮನೆಯಲ್ಲಿ ಆಗಷ್ಟೇ ಕೈ ತೊಳೆದುಕೊಂಡಿದ್ದರು. ಹೆಂಡತಿ ಹೋದಾಗಿನಿಂದ ಅವರ ಅಡಿಗೆ ಅವರದೇ. ನಮಗೂ ಅವಸರವಸರವಾಗಿ ಬಡಿಸಿ ಹೊತ್ತಿಗೆ ಮುಂಚೆ ಎಬ್ಬಿಸಿದರು. "ಅವರಿಬ್ರೂ ಎಲ್ಲಿ?" ಎಂದು ಚಿಕ್ಕಪ್ಪ ಕೇಳಿದ. "ಸ್ಟೇಷನ್ನಲ್ಲಿ ನೋಡಿ. ಒಲೆ ಮೇಲೆ ಅನ್ನ ಮಾಡಿಟ್ಟೇ ಹೋಗಿದ್ದಾಳೆ ಪಾಪ, ಬೇಗ ಬರ್ತೀವಿ ಅಂತ" ಎಂದು ಅವರು ನಿಟ್ಟುಸಿರು ಬಿಟ್ಟರು.

ಸಾಗರಕ್ಕೆ ರೈಲು ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ನಾವು ಹುಡುಕಿಕೊಂಡು ಹೋದೆವು. ಸ್ಟೇಷನ್ನಿನ ಕೊನೆಯಲ್ಲಿ, ಜನ ನಿಲ್ಲದ ಕಡೆ, ಒಂದು ಮರದ ಕೆಳಗಿನ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದರು. ರೈಲು ಬಂದಿರಲಿಲ್ಲ. ಸೂರ್ಯ ಹಳಿಗಳ ಆಚೆ ಇಳಿದುಹೋಗಿದ್ದ. ನಾನು ಸ್ವಲ್ಪ ದೂರದಲ್ಲೇ ನಿಂತು ನೋಡಿದೆ. ಅಜ್ಜಿ ಕಣ್ಣಿಟ್ಟು ನೋಡು ಅಂದಿದ್ದಳಲ್ಲ. ಆದಿರಾಜ ಮಾವ ಒಂದು ಕಡ್ಡಿ ಹಿಡಿದು ನೆಲದ ಮೇಲೆ ಏನೋ ಗೆರೆ ಎಳೆಯುತ್ತಿದ್ದ. ಚಂದ್ರತ್ತೆ ಅದನ್ನು ನೋಡುತ್ತಿದ್ದಳು. ಆಮೇಲೆ ಅವನು ಕಡ್ಡಿ ಬಿಟ್ಟ. ಇಬ್ಬರೂ ಸುಮ್ಮನೆ ಹಳಿಯ ಕಡೆ ನೋಡುತ್ತ ಕೂತರು. ಚಂದ್ರತ್ತೆಯ ಮುಖವನ್ನು ನಾನು ಅಷ್ಟು ಬಿಡುವಾಗಿ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಅದು ಯಾವಾಗಲೂ ಯಾರೋ ಕೂಗುತ್ತಾರೆಂದು ಕಾಯುತ್ತಿರುವ ಮುಖವಾಗಿತ್ತು.

"ಯಾರು ಬರ್ತಾರೆ ಅತ್ತೆ ರೈಲಲ್ಲಿ?" ಎಂದು ಹತ್ತಿರ ಹೋಗಿ ಕೇಳಿದೆ.

"ಅಯ್ಯೋ, ಯಾವಾಗ ಬಂದ್ರಿ!" ಎಂದು ಎದ್ದು ನನ್ನನ್ನು ಅಪ್ಪಿಕೊಂಡಳು. "ಯಾರೂ ಇಲ್ಲ ಕಣೆ. ರೈಲು ಬರ್ತದೆ." ಆಮೇಲೆ ಪಡುವಣ ನೋಡಿ ನಾಲಿಗೆ ಕಚ್ಚಿಕೊಂಡಳು. "ನೋಡಿ, ಇವತ್ತೂ ಹೋಯ್ತು" ಎಂದು ಗಂಡನಿಗೆ ಹೇಳಿದಳು. ಅವನು, "ಹೌದಲ್ಲ" ಅಂದ. ಇಬ್ಬರೂ ನಕ್ಕರು. ರೈಲು ಬಂದ ಮೇಲೆಯೇ ನಾವು ಮನೆಗೆ ಹೋದದ್ದು. ಚಿಕ್ಕಪ್ಪನೂ ಅಲ್ಲೇ ಕೂತುಬಿಟ್ಟಿದ್ದ. ಅವನನ್ನು ಎಬ್ಬಿಸುವುದೇ ಕಷ್ಟವಾಯಿತು.

ಊರಿಗೆ ಮರಳಿದಾಗ 'ಹೊಟ್ಟೆ ತುಂಬ ಉಣ್ತಾಳೆ' ಎಂದು ಹೇಳುವುದೆಂದು ಚಿಕ್ಕಪ್ಪ ನನಗೆ ದಾರಿ ಉದ್ದಕ್ಕೂ ಹೇಳಿಕೊಟ್ಟಿದ್ದ. ಅಜ್ಜಿ ಅಂಗಳದಲ್ಲಿ ಬಾಳೆಎಲೆ ಒರೆಸುತ್ತಿದ್ದಳು. ಅವಳ ಮುಖ ನೋಡಿದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಉಂಡ್ಲಾ?"

"ಇಲ್ಲ ಅಜ್ಜಿ. ನಾವು ಹೋದ ದಿನ ಉಣ್ಲಿಲ್ಲ. ಹಿಂದಿನ ದಿನವೂ ಇಲ್ವಂತೆ. ಸ್ಟೇಷನ್ನಲ್ಲಿ ಕೂತಿದ್ರು ಇಬ್ರೂ."

"ಇಬ್ರೂನಾ? ಅಳ್ತಿದ್ಲಾ?"

"ನಗ್ತಾ ಇದ್ಲು."

ಅಜ್ಜಿಯ ಕೈ ಎಲೆಯ ಮೇಲೆ ನಿಂತಿತು. "ಎಂತ ಮಾತಾಡ್ತಿದ್ರು?"

"ಮಾತೇ ಆಡ್ತಿರ್ಲಿಲ್ಲ. ಒಬ್ರ ಪಕ್ಕ ಒಬ್ರು ಸುಮ್ನೆ ಕೂತಿದ್ರು. ತುಂಬ ಹೊತ್ತು."

ಈಗ ಬೈಗುಳ ಶುರುವಾಗುತ್ತದೆ ಎಂದು ಚಿಕ್ಕಪ್ಪ ಮೆಲ್ಲನೆ ಕೊಟ್ಟಿಗೆಯ ಕಡೆ ಸರಿದ. ಅಜ್ಜಿ ಬೈಯಲಿಲ್ಲ. ಒರೆಸಿದ ಎಲೆಯನ್ನೇ ಮತ್ತೊಮ್ಮೆ ಒರೆಸಿದಳು. ಅಜ್ಜ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಅವರ ಸುದ್ದಿಯನ್ನು ಅವಳು ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ನಿನ್ನಜ್ಜ ನನ್ನ ಕೈಯಲ್ಲಿ ಒಂದು ದಿನವೂ ಹೊತ್ತು ತಪ್ಪಿ ಉಣ್ಲಿಲ್ಲ ಪುಟ್ಟಿ" ಅಂದಳು. "ಬರೋರು, ಉಣ್ಣೋರು, ಕೈ ತೊಳೆಯೋರು, ಎದ್ದು ಹೋಗೋರು."

"ಅಷ್ಟು ವರ್ಷವೂ?" ಎಂದು ಕೇಳಿದೆ.

"ಅಷ್ಟು ವರ್ಷವೂ" ಅಂದಳು ಅಜ್ಜಿ.